ಕರಕ್ ಎನ್ನದ ಹಲ್ಲುಪುಡಿ

ಮದುವೆಯಾಗಿ ಹೊಳೆನರಸೀಪುರದ ಮನೆಗೆ ಬಂದ ಮಾರನೆಯ ಬೆಳಿಗ್ಗೆ ನಾನು ಎದ್ದು ಹಜಾರಕ್ಕೆ ಬಂದರೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರು. ನಡುವೆ ಮಣೆಯ ಮೇಲೆ ವಯಸ್ಸಾದ ಹೆಂಗಸೊಬ್ಬರು ಕಣ್ಣು ಮುಚ್ಚಿ ಕೂತಿದ್ದರು. ತುಟಿ ಸ್ವಲ್ಪವೇ ತೆರೆದಿತ್ತು, ದವಡೆ ಮೆಲ್ಲಗೆ ಆಡುತ್ತಿತ್ತು. ಏನೋ ಪೂಜೆ ಇರಬೇಕೆಂದು ನಾನೂ ಸೆರಗು ಹೊದ್ದು ಕೈಮುಗಿದು ನಿಂತೆ. ಆಕೆ ಕಣ್ಣು ಬಿಟ್ಟು, "ಕರಕ್ ಅಂತು. ಇನ್ನೊಂದ್ಸಲ ಜರಡಿ ಹಿಡೀರಿ" ಎಂದು ಹೇಳಿ ಬಾಯಿ ಮುಕ್ಕಳಿಸಲು ಎದ್ದುಹೋದರು. ನಾನು ಕೈಮುಗಿದುಕೊಂಡೇ ಇದ್ದೆ. ನನ್ನ ಗಂಡ ಹತ್ತಿರ ಬಂದು, "ಕೈ ಇಳಿಸು, ಅದು ಹಲ್ಲುಪುಡಿ" ಎಂದರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಮ್ಮೂರು ಅರಕಲಗೂಡಿಗೆ ಹೆಣ್ಣು ನೋಡಲು ಬಂದಾಗ ಇವರು, "ಗದ್ದೆ ಇದೆ, ಜೊತೆಗೆ ಸಣ್ಣದೊಂದು ಕಾರ್ಖಾನೆ ಇದೆ" ಎಂದಿದ್ದರು. ಹೊಗೆಸೊಪ್ಪು ಬೇಯಿಸುವ ಊರಿನವಳು ನಾನು. ಕಾರ್ಖಾನೆ ಎಂದರೆ ನಮ್ಮೂರ ಹೊಗೆಸೊಪ್ಪಿನ ಗೂಡುಗಳಿಗಿಂತ ಎತ್ತರದ ಚಿಮಣಿ ಇರುತ್ತದೆ ಎಂದುಕೊಂಡಿದ್ದೆ. ಬಂದು ನೋಡಿದರೆ ಹಿತ್ತಲಲ್ಲಿ ಹೆಂಚಿನ ಕೊಟ್ಟಿಗೆ, ಒಂದೆರಡು ಒರಳು, ಒಂದು ಬೀಸುವ ಕಲ್ಲು, ಮತ್ತು ಸದಾ ಹೊಗೆಯಾಡುವ ಉಮಿಯ ಗುಡ್ಡೆ. ಹೊಗೆಯೊಂದು ವಿಷಯದಲ್ಲಿ ಅವರು ಸುಳ್ಳು ಹೇಳಿರಲಿಲ್ಲ.

ಕಾರ್ಖಾನೆ ನನ್ನ ಮಾವನದು. ಊರಿನ ಅಕ್ಕಿ ಗಿರಣಿಯಲ್ಲಿ ಭತ್ತದ ಉಮಿ ಬೆಟ್ಟದಷ್ಟು ಬೀಳುತ್ತಿತ್ತು, ಕೇಳುವ ದಿಕ್ಕಿರಲಿಲ್ಲ. ಮಾವ ಅದನ್ನು ಗಾಡಿಯಲ್ಲಿ ತುಂಬಿ ತಂದು, ಗುಡ್ಡೆ ಹಾಕಿ, ಒಳಗೊಳಗೇ ಕನಲುವ ಹಾಗೆ ಸುಡುತ್ತಿದ್ದರು. ಆ ಕರಿಬೂದಿಗೆ ಉಪ್ಪು, ಲವಂಗ, ಓಮದ ಹೂವು, ಪಚ್ಚಕರ್ಪೂರ ಸೇರಿಸಿ ಕುಟ್ಟಿ, ಮಲ್ಲಿನ ಬಟ್ಟೆಯಲ್ಲಿ ಜರಡಿ ಹಿಡಿದು, ತಗಡಿನ ಡಬ್ಬಿಗೆ ತುಂಬಿಸುತ್ತಿದ್ದರು. ಡಬ್ಬಿಯ ಮೇಲಿನ ಚೀಟಿಯಲ್ಲಿ ಒಂದು ಬಾಳೆಗೊನೆಯ ಚಿತ್ರ. ಹಲ್ಲಿಗೂ ಬಾಳೆಗೊನೆಗೂ ಏನು ಸಂಬಂಧ ಎಂದು ಕೇಳಿದೆ. ಹಾಸನದ ಪ್ರೆಸ್ಸಿನವನ ಹತ್ತಿರ ಇದ್ದ ಬ್ಲಾಕು ಅದೊಂದೇ ಎಂದರು.

ಉಮಿ ಸುಡುವುದರಲ್ಲಿ ಒಂದು ಹದ ಇತ್ತು. ಬೆಂಕಿ ನಿಧಾನವಾಗಿದ್ದರೆ ಬೂದಿ ಕರ್ರಗೆ, ಮೆತ್ತಗೆ ಬರುತ್ತಿತ್ತು. ಒಂಚೂರು ಜೋರಾಯಿತೋ, ಬೆಳ್ಳಗಾಗಿ ಗಡುಸಾಗಿಬಿಡುತ್ತಿತ್ತು. ಅಂಥ ಬೂದಿಯಲ್ಲಿ ಉಜ್ಜಿದರೆ ಹಲ್ಲು ಮೊದಲು ಪಾತ್ರೆಯ ಹಾಗೆ ಬೆಳಗುತ್ತದೆ, ಆಮೇಲೆ ಪಾತ್ರೆಯ ಹಾಗೆ ಸವೆಯುತ್ತದೆ. ಆ ಗಡುಸು ಕಣ್ಣಿಗೆ ಕಾಣದು, ಬೆರಳಿಗೂ ಸಿಗದು. ಮುಂದಿನ ಹಲ್ಲುಗಳ ನಡುವೆ ಒಂದು ಚಿಟಿಕೆ ಇಟ್ಟು ಮೆಲ್ಲಗೆ ಅರೆಯಬೇಕು. ಕರಕ್ ಎಂದರೆ ಮತ್ತೆ ಜರಡಿಗೆ. ಏನೂ ಎನ್ನದಿದ್ದರೆ ಡಬ್ಬಿಗೆ. ಈ ತೀರ್ಪು ಕೊಡುತ್ತಿದ್ದವರು ನಾನು ಕೈಮುಗಿದು ನಿಂತೆನಲ್ಲ, ಆ ಹೆಂಗಸು. ಮಾವನ ಸ್ವಂತ ಅಕ್ಕ.

ಮಾವ ಅವರನ್ನು ಅಕ್ಕಯ್ಯ ಎನ್ನುತ್ತಿದ್ದರು. ಕೇಳಿ ಕೇಳಿ ನಾನೂ ಅಕ್ಕಯ್ಯ ಎಂದೆ. ಬೀದಿಯೂ ಅಕ್ಕಯ್ಯ ಎಂದಿತು. ಅವರನ್ನು ಹಾಸನದ ದಾರಿಯಲ್ಲಿರುವ ಮೊಸಳೆ ಎಂಬ ಊರಿಗೆ ಕೊಟ್ಟಿದ್ದರಂತೆ. ಗಂಡ ಹೋದ ಮೇಲೆ ಮೈದುನನ ಮನೆಯಲ್ಲಿ ಇರಲಾರದೆ ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದವರು, ಬಾಗಿಲಲ್ಲೇ ನಿಂತು ಹೇಳಿದರಂತೆ: "ಪುಕ್ಕಟೆ ಅನ್ನ ನಾನು ಉಣ್ಣಾಕಿಲ್ಲ ಕಣ್ಲಾ. ಕೆಲ್ಸ ಇದ್ರೆ ಯೋಳು, ಇಲ್ದಿದ್ರೆ ಬಂದ ಗಾಡೀಲೇ ಓಯ್ತೀನಿ." ಮಾವ ಆಗಷ್ಟೇ ಹಲ್ಲುಪುಡಿಯ ಹುಚ್ಚಿಗೆ ಬಿದ್ದಿದ್ದರು. ಕೈಯಲ್ಲಿದ್ದ ಪುಡಿಯನ್ನೇ ಚಾಚಿ, "ಇದ ಒಸಿ, ಒಂದ್ ಚಿಟಿಕೆ, ನೋಡಕ್ಕಯ್ಯ" ಎಂದರಂತೆ. ಅಕ್ಕಯ್ಯ ನೋಡಿದರು, ಕರಕ್ ಎಂದಿತು, ಟ್ರಂಕು ಒಳಗೆ ಹೋಯಿತು.

ಪುಡಿ ನೋಡುವ ದಿನ ಮನೆಯಲ್ಲಿ ಕುಟ್ಟುವಂತಿಲ್ಲ, ಬೀಸುವಂತಿಲ್ಲ, ಪಾತ್ರೆ ಬೀಳಿಸುವಂತಿಲ್ಲ. ಕಾಗೆ ಕೂಗಿದರೆ ಓಡಿಸಬೇಕು. ಅಕ್ಕಯ್ಯ ಖಾರ ಮುಟ್ಟುತ್ತಿರಲಿಲ್ಲ, ಬಿಸಿ ಕಾಫಿ ಕುಡಿಯುತ್ತಿರಲಿಲ್ಲ, ಎಲೆಯಡಿಕೆಯನ್ನಂತೂ ಜನ್ಮದಲ್ಲೇ ಬಾಯಿಗೆ ಹಾಕಿದವರಲ್ಲ. ಎಲ್ಲ ಮುಗಿದ ಮೇಲೆ ಗಂಡಸರಿಗಿಂತ ಮೊದಲು ಅವರಿಗೆ ಊಟಕ್ಕೆ ಬಡಿಸಬೇಕು. ಗಂಡ ಸತ್ತವಳಿಗೆ ಮೊದಲು ಬಡಿಸುವ ಮನೆ ಆ ಬೀದಿಯಲ್ಲಿ ನಮ್ಮದೊಂದೇ. ಉಳಿದ ದಿನಗಳಲ್ಲಿ ಅಕ್ಕಯ್ಯ ಎಲ್ಲರದ್ದೂ ಮುಗಿದ ಮೇಲೆ ಒಲೆಯ ಪಕ್ಕ ಕೂತು ಇದ್ದದ್ದು ಉಣ್ಣುತ್ತಿದ್ದರು. ನನ್ನ ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಹೆಂಗಸರು ಅಂತ ಇದ್ದದ್ದು ನಾವಿಬ್ಬರೇ.

ನನಗೆ ಕೋಪ ಮೂಗಿನ ತುದಿಯಲ್ಲಿ, ಮಾತು ನಾಲಗೆಯ ತುದಿಯಲ್ಲಿ. ಬಂದ ವಾರದಲ್ಲೇ, "ಈ ಮಸಿ ನನ್ನ ಬಾಯಿಗೆ ಬೇಡ, ನಾನು ಬೇವಿನ ಕಡ್ಡಿಯವಳು" ಎಂದುಬಿಟ್ಟೆ. ಮಾವ ಮುಖ ಸಣ್ಣ ಮಾಡಿಕೊಂಡರು. ಅಕ್ಕಯ್ಯ ಒಲೆಯ ಕಡೆಯಿಂದಲೇ, "ಕಡ್ಡೀನೇ ಅಗಿ ಕಣವ್ವ. ನಿನ್ ನಾಲ್ಗೆಗೂ ಅದ್ಕೂ ಸರೀಗ್ ಓಯ್ತದೆ" ಎಂದರು. ಅವತ್ತಿನಿಂದ ನಮ್ಮಿಬ್ಬರಿಗೂ ಬಹಳ ಚೆನ್ನಾಗಿ ಹೊಂದಿಕೆಯಾಯಿತು. ಜಗಳವಾಡದ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಅಕ್ಕಯ್ಯನ ಹಲ್ಲುಗಳು ಮಾತ್ರ ಮೆಚ್ಚಬೇಕಾದವು. ಒಂದೂ ಅಲ್ಲಾಡಿರಲಿಲ್ಲ. ಮಾವ ಚನ್ನರಾಯಪಟ್ಟಣಕ್ಕೋ ಬಾಗೂರಿನ ಸಂತೆಗೋ ಮಾಲು ಒಯ್ಯುವಾಗ ಅವರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಅಂಗಡಿಯವನು ಅನುಮಾನಿಸಿದರೆ, "ಅಕ್ಕಯ್ಯ, ಒಸಿ ತೋರ್ಸು" ಎನ್ನುವುದು. ಅಕ್ಕಯ್ಯ ನಗುತ್ತಿರಲಿಲ್ಲ. ತುಟಿಯನ್ನಷ್ಟೇ ಬೇರೆ ಮಾಡಿ, ಅಂಗಡಿಯವನು ನೋಡಿ ಮುಗಿಸುವವರೆಗೆ ಕಾದು, ಮತ್ತೆ ಮುಚ್ಚಿಕೊಳ್ಳುತ್ತಿದ್ದರು. ಬಾಗೂರಿನಲ್ಲಿ ಒಬ್ಬ ಹೆದರಿ ಎರಡು ಡಜನ್ ತೆಗೆದುಕೊಂಡನಂತೆ.

ಹೀಗೇ ನಡೆದುಕೊಂಡು ಹೋಗಬಹುದಿತ್ತು. ಆದರೆ ಅರವತ್ತರ ದಶಕದಲ್ಲಿ ಹಾಸನದ ಅಂಗಡಿಗಳಿಗೆ ಪೇಸ್ಟಿನ ಟ್ಯೂಬುಗಳು ಬಂದವು. ಬಿಳಿಯ ನೊರೆ ಉಗುಳುವುದು ಮರ್ಯಾದೆಯಾಯಿತು, ಕರಿ ಎಂಜಲು ಉಗುಳುವುದು ನಾಚಿಕೆಯಾಯಿತು. ಮಳೆಗಾಲದಲ್ಲಂತೂ ನಮ್ಮ ಪುಡಿ ತೇವ ಕುಡಿದು ಡಬ್ಬಿಯೊಳಗೇ ಗಟ್ಟಿಯಾಗಿ ಕೂತುಬಿಡುತ್ತಿತ್ತು. ಗಿರಾಕಿಗಳು ಡಬ್ಬಿಯನ್ನು ಬಚ್ಚಲ ಕಲ್ಲಿಗೆ ಕುಟ್ಟಿ ಕುಟ್ಟಿ ಕೊನೆಗೆ ಅಂಗಡಿಗೇ ವಾಪಸು ತರುತ್ತಿದ್ದರು, ಅಂಗಡಿಯವರು ನಮಗೆ ವಾಪಸು ಕಳಿಸುತ್ತಿದ್ದರು. ಒಂದು ಆಷಾಢದಲ್ಲಿ ಮನೆಯ ಅಟ್ಟದ ತುಂಬ ನೆಗ್ಗಿದ ಬಾಳೆಗೊನೆ ಡಬ್ಬಿಗಳು. ನನ್ನ ಗಂಡ, "ಅಪ್ಪಯ್ಯ, ಬಿಳೀ ಪುಡಿ ಮಾಡಬೇಕು, ಇಲ್ದಿದ್ರೆ ಮುಚ್ಚಬೇಕು" ಎಂದು ಹೇಳಿ ಬೆಂಗಳೂರಿಗೆ ಹೋದರು. ಬರುವಾಗ ಒಬ್ಬ ಏಜೆಂಟನನ್ನು ಕರೆತಂದರು.

ಏಜೆಂಟ್ ಸಪೂರ ಮನುಷ್ಯ. ಅವನು ಬಸ್ಸಿನಿಂದ ಇಳಿದು, ಆಳೆತ್ತರದ ಚೀಲವೊಂದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ನಡೆದು ಬಂದದ್ದನ್ನು ನೋಡಿ ಬೀದಿಯವರು ಬಾಗಿಲಿಗೆ ಬಂದರು. ಅಕ್ಕಯ್ಯ, "ಅರಳೆ ಇರ್ಬೇಕು" ಎಂದರು. ಅರಳೆಯಲ್ಲ, ಸಿಲಿಕಾ ಎಂದು ಏಜೆಂಟ್ ಹೇಳಿದ. ಹಾಗೆಂದರೆ ಏನು ಎಂದು ಮಾವ ಕೇಳಿದರು.

"ಮರಳು ಸಾರ್" ಎಂದ.

ಮಾವ ಮಗನ ಮುಖ ನೋಡಿದರು. ಹೊಳೆದಂಡೆಯ ಊರಿಗೆ ಬೆಂಗಳೂರಿನಿಂದ ಮರಳು ತಂದಿದ್ದಾನಲ್ಲ ಎನ್ನುವ ನೋಟ ಅದು. ಏಜೆಂಟ್ ಗಾಬರಿಯಾಗದೆ ವಿವರಿಸಿದ. ಮರಳನ್ನು ಸೋಡಾದ ಜೊತೆ ಕಾಯಿಸಿ ಕರಗಿಸಿದರೆ ಗಾಜಿನಂಥ ನೀರಾಗುತ್ತದಂತೆ. ಅದಕ್ಕೆ ಆಸಿಡ್ ಬಿಟ್ಟರೆ, ಹಾಲಿಗೆ ನಿಂಬೆಹುಳಿ ಹಿಂಡಿದ ಹಾಗೆ ಒಡೆದು ಬಿಳಿಯ ಗಸಿ ಕೂರುತ್ತದಂತೆ. ಅದನ್ನು ತೊಳೆದು ಒಣಗಿಸಿದರೆ ಈ ಪುಡಿ. ಒಂದು ಜಾತಿ ಹಲ್ಲು ಉಜ್ಜುವುದಕ್ಕೆ, ಇನ್ನೊಂದು ಜಾತಿ ಪೇಸ್ಟು ಬ್ರಷ್ಷಿನ ಮೇಲೆ ಇಳಿದುಹೋಗದೆ ನಿಲ್ಲುವುದಕ್ಕೆ, ಮತ್ತೊಂದು ಮುಖದ ಪೌಡರಿಗೆ, ಬೆವರು ಹೀರಲಿ ಎಂದು. "ನಿಮ್ಮ ಉಮಿ ಬೂದಿಯಲ್ಲಿ ಇರೋದೂ ಇದೇ ಸಾರ್. ಭತ್ತ ಮಣ್ಣಿನಿಂದ ಎಳ್ಕೊಂಡು ಸಿಪ್ಪೆಯಲ್ಲಿ ಇಟ್ಕೊಂಡಿರುತ್ತೆ. ಅದು ಒರಟು, ಇದು ನಯ, ಅಷ್ಟೇ ವ್ಯತ್ಯಾಸ" ಎಂದ. ಮಾವನಿಗೆ ಇದರಿಂದ ಖುಷಿಯೂ ಆಯಿತು, ಅವಮಾನವೂ ಆಯಿತು. ಯಾವುದನ್ನು ಮೊದಲು ತೋರಿಸುವುದೆಂದು ತಿಳಿಯದೆ ಅವನಿಗೆ ಕಾಫಿ ಕೊಡಲು ಹೇಳಿದರು.

ಚೀಲದ ಬಾಯಿ ಬಿಚ್ಚಿದ್ದೇ ತಡ, ಮಾವ ಸೀನಿದರು. ಅಯ್ಯೋ, ಏನು ಹೇಳಲಿ! ಹಜಾರವೆಲ್ಲ ಬೆಳ್ಳಗಾಯಿತು. ಕಂಬ, ಗಡಿಯಾರ, ದೇವರ ಪಟ, ಕಾಫಿ ಲೋಟ ಹಿಡಿದು ನಿಂತಿದ್ದ ನಾನು, ಎಲ್ಲ ಒಂದೇ ಬಣ್ಣ. ಆ ಪುಡಿ ಕೆಳಗೆ ಇಳಿಯುವ ಪುಡಿಯಲ್ಲ. ಗಾಳಿಯಲ್ಲೇ ಸುಮ್ಮನೆ ನಿಂತುಕೊಂಡು, ಇಳಿಯಲೋ ಬೇಡವೋ ಎಂದು ಯೋಚನೆ ಮಾಡುತ್ತದೆ. ಸಂಜೆಯವರೆಗೂ ನಾನು ಒರೆಸಿದೆ, ಒರೆಸುತ್ತಾ ಬೈದೆ, ಬೈದ ಬಾಯಿಗೂ ಅದೇ ಹೋಯಿತು.

ಧೂಳು ಒಂದಿಷ್ಟು ಅಡಗಿದ ಮೇಲೆ ಏಜೆಂಟ್ ಒಂದು ಬಟ್ಟಲಲ್ಲಿ ಪುಡಿ ಹಾಕಿ, ಲೋಟದ ನೀರನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಾ ಚಮಚದಲ್ಲಿ ಆಡಿಸಿದ. ನೀರು ಹೋಗುತ್ತಲೇ ಇತ್ತು, ಪುಡಿ ಪುಡಿಯಾಗಿಯೇ ಇತ್ತು. ಅಕ್ಕಯ್ಯ ಬಟ್ಟಲಿಗೆ ಬೆರಳಿಟ್ಟು ನೋಡಿದರು. ಒಣಗಿದ್ದಂತೆಯೇ ಇತ್ತು.

"ನೀರು ಎಲ್ಲೋಯ್ತ್ಲಾ?" ಎಂದು ತಮ್ಮನನ್ನು ಕೇಳಿದರು.

"ಅದೇ ಕುಡ್ಕಂಡ್ಬುಡ್ತು ಕಣಕ್ಕಯ್ಯ."

"ಕುಡ್ದಿದ್ ಕಾಣಾಕಿಲ್ವಲ್ಲ. ಒಳ್ಳೇ ಮನೆತನದ್ದು" ಎಂದರು.

ಮಳೆಗಾಲದ ತೇವವನ್ನೆಲ್ಲ ಅದೇ ಹೀರಿಕೊಂಡು ಪುಡಿಯನ್ನು ಸಡಿಲವಾಗಿ ಇಡುತ್ತದೆ ಎಂದು ಏಜೆಂಟ್ ಭರವಸೆ ಕೊಟ್ಟ. ನುಣ್ಣಗೆ ಅರೆದ ಸೀಮೆಸುಣ್ಣದ ಪುಡಿಯನ್ನೂ ಕಾರ್ಖಾನೆಯಿಂದಲೇ ತರಿಸಿ, ಅದಕ್ಕೆ ಇದನ್ನು ಹದವಾಗಿ ಬೆರೆಸಿದರೆ ಸಾಕು. ಸುಡುವುದಿಲ್ಲ, ಕುಟ್ಟುವುದಿಲ್ಲ. ಆಮೇಲೆ ಅವನು ಹೇಳಿದ ಮಾತು ಅವನಿಗೆ ದೊಡ್ಡದಲ್ಲ: "ಜರಡಿಯೂ ಬೇಡ, ಪರೀಕ್ಷೆಯೂ ಬೇಡ. ಮಿಷಿನ್ನಲ್ಲೇ ನೋಡಿ ಕಳಿಸಿರ್ತಾರೆ."

ಅಕ್ಕಯ್ಯ ಮಣೆ ಎಳೆದುಕೊಂಡು ಕೂತೇಬಿಟ್ಟರು. ಬಿಳಿಯ ಪುಡಿಯನ್ನು ಒಂದು ಚಿಟಿಕೆ ತೆಗೆದು ಹಲ್ಲಿನ ನಡುವೆ ಇಟ್ಟರು. ನಾವೆಲ್ಲ ಅಭ್ಯಾಸಬಲದಿಂದ ಉಸಿರು ಹಿಡಿದೆವು, ಏಜೆಂಟನೂ ಹಿಡಿದ. ಅರೆದರು, ಅರೆದರು, ಮತ್ತೊಂದು ಚಿಟಿಕೆ ತೆಗೆದುಕೊಂಡು ಅರೆದರು. ಕೊನೆಗೆ ಕಣ್ಣು ಬಿಟ್ಟು, "ಏನೂ ಇಲ್ಲ" ಎಂದರು.

"ಅಂಗಂದ್ರೆ ಚೆನ್ನಾಗದಾ?" ಮಾವ ಕೇಳಿದರು.

"ಬಾಯೊಳಗೆ ಏನೂ ಇಲ್ಲ ಕಣಪ್ಪ. ಸುಮ್ಗೆ ಹಲ್ಲು ಕಡ್ದಂಗಾಯ್ತು."

ಮಾವ ತೊಡೆ ತಟ್ಟಿಕೊಂಡರು. ಅಕ್ಕಯ್ಯ ಬಾಯಿ ಮುಕ್ಕಳಿಸಲು ಎದ್ದುಹೋದವರು ಬಹಳ ಹೊತ್ತು ಬಚ್ಚಲಿನಿಂದ ಬರಲಿಲ್ಲ.

ಹೊಸ ಪುಡಿ ಚೆನ್ನಾಗಿ ಹೋಯಿತು. ಶ್ರಾವಣದ ಮಳೆಯಲ್ಲೂ ಡಬ್ಬಿ ಬಗ್ಗಿಸಿದರೆ ನೀರಿನ ಹಾಗೆ ಇಳಿಯುತ್ತಿತ್ತು. ನನ್ನ ಗಂಡನಿಗೆ ತಲೆ ನಿಲ್ಲಲಿಲ್ಲ. ಮುಖದ ಪೌಡರನ್ನೂ ಮಾಡುತ್ತೇನೆಂದು ಅದೇ ಸಿಲಿಕಾವನ್ನು ಧಾರಾಳವಾಗಿ ಸುರಿದು, ಗುಲಾಬಿ ವಾಸನೆ ಬೆರೆಸಿ, ಚನ್ನರಾಯಪಟ್ಟಣದ ಮದುವೆಯೊಂದಕ್ಕೆ ಹೊರಟಿದ್ದ ನನ್ನ ಮುಖಕ್ಕೇ ಮೊದಲು ಬಳಿಸಿದರು. ಬೆವರನ್ನು ಹೀರಿತು, ನಿಜ. ಬೆವರು ಮುಗಿದ ಮೇಲೆ ಮುಖದಲ್ಲಿ ಇದ್ದಬದ್ದ ಪಸೆಯನ್ನೆಲ್ಲ ಹೀರಿತು. ಧಾರೆಯ ಹೊತ್ತಿಗೆ ನನಗೆ ನಗಲು ಬರುತ್ತಿರಲಿಲ್ಲ, ಚರ್ಮ ಎಳೆಯುತ್ತಿತ್ತು. ಗಂಡಿನ ಕಡೆಯವರು, "ಹೊಳೆನರಸೀಪುರದ ಸೊಸೆಗೆ ಬಹಳ ಗಾಂಭೀರ್ಯ" ಎಂದು ಹೊಗಳಿದರಂತೆ. ಮನೆಗೆ ಬಂದು ಹರಳೆಣ್ಣೆ ಹಚ್ಚಿಕೊಂಡು, ಬಾಯಿ ಆಡಲು ಶುರುವಾದ ಮೇಲೆ ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಪೌಡರು ಅಲ್ಲಿಗೆ ನಿಂತಿತು.

ಇತ್ತ ಅಕ್ಕಯ್ಯನನ್ನು ಯಾರೂ ಮಣೆಗೆ ಕರೆಯುತ್ತಿರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಕರೆಯುವ ಕೆಲಸವಿರಲಿಲ್ಲ. ಮೊದಮೊದಲು ಅವರು ಕೊಟ್ಟಿಗೆಯ ಬಾಗಿಲವರೆಗೆ ಹೋಗಿ ನಿಂತು ಬರುತ್ತಿದ್ದರು. ಆಮೇಲೆ ನನ್ನ ಅಡುಗೆಮನೆಗೆ ತಿರುಗಿಕೊಂಡರು. ರಾಗಿಹಿಟ್ಟು ಹಲ್ಲಿನ ನಡುವೆ ಇಟ್ಟು, "ಕರಕ್ ಅಂತು" ಎನ್ನುವುದು. ಅರಿಶಿನ ಕರಕ್. ಕಾಫಿಪುಡಿ ಕರಕ್. ನಾನು ಗಿರಣಿಗೆ ಹೋಗಿ ಜಗಳವಾಡಿ ಹಿಟ್ಟು ಬದಲಾಯಿಸಿ ತರುವುದು, ಅದೂ ಕರಕ್. ಗಿರಣಿಯವನು ನನ್ನನ್ನು ಕಂಡರೆ ಮಿಷಿನ್ ನಿಲ್ಲಿಸಿ ಊಟಕ್ಕೆ ಹೋಗತೊಡಗಿದ. ನನಗೆ ರೇಗಿದ್ದು ಅಕ್ಕಯ್ಯನ ಮೇಲಲ್ಲ. ಗಂಡನನ್ನು ಹಿಡಿದು, "ಸುಮ್ಮನೆ ಒಂದು ಚಿಟಿಕೆ ಕೊಟ್ಟು ನೋಡಿ ಅನ್ನೋದಕ್ಕೆ ನಿಮಗೇನು ದಾಡಿ?" ಎಂದೆ. "ಅದರಲ್ಲಿ ನೋಡೋದಕ್ಕೆ ಏನೂ ಇಲ್ವಲ್ಲ" ಎಂದರು. ಬಿ.ಎಸ್ಸಿ. ಓದಿದವರಿಗೆ ಇದಕ್ಕಿಂತ ಹೆಚ್ಚು ಹೇಳಿ ಪ್ರಯೋಜನವಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕಯ್ಯ ಟ್ರಂಕನ್ನು ಅಟ್ಟದಿಂದ ಇಳಿಸಿ ಒರೆಸುತ್ತಿದ್ದರು. ಮೊಸಳೆಗೆ ಹೋಗುತ್ತೇನೆ ಎಂದರು. ಮೈದುನ ಕರೆಯುತ್ತಿದ್ದಾನಂತೆ. ಮಾವ ಕೊಟ್ಟಿಗೆಯಿಂದ ಓಡಿ ಬಂದರು.

"ಯಾಕಕ್ಕಯ್ಯ? ಇದು ನಿನ್ ಮನೆ ಅಲ್ವಾ?"

"ಮನೆ ನಂದೇ ಕಣಪ್ಪ. ಅನ್ನ ನಂದಲ್ಲ. ಅವತ್ತೇ ಯೋಳಿರಲಿಲ್ವಾ, ಕೆಲ್ಸ ಇಲ್ದಿದ್ರೆ ಓಯ್ತೀನಿ ಅಂತ?"

"ಅಲ್ಲಿ ಏನ್ ಕೆಲ್ಸ ಇಟ್ಟವ್ರೆ?"

"ಅಲ್ಲೂ ಇಲ್ಲ. ಅದು ಗಂಡನ ಮನೆ, ಕೂತು ಉಂಡ್ರೂ ಯಾರೂ ಕೇಳಂಗಿಲ್ಲ."

ಅಕ್ಕಯ್ಯನ ಮಾತಿಗೆ ಎದುರು ಹೇಳಿ ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ನಾನೂ ಅಳುತ್ತಾ ಕೂಗಾಡಿದೆ, ಟ್ರಂಕಿನ ಮೇಲೆ ಹತ್ತಿ ಕೂತೆ. "ಏಳವ್ವ, ತಗಡು ತಗ್ಗಾಯ್ತದೆ" ಎಂದರು.

ಆಗ ಮಾವನಿಗೆ ಒಂದು ಉಪಾಯ ಹೊಳೆಯಿತು. ಅಂಥ ಉಪಾಯ ಹಲ್ಲುಪುಡಿಯವರಿಗೆ ಮಾತ್ರ ಹೊಳೆಯಬೇಕು. ಕಲೆಸಿಟ್ಟಿದ್ದ ಹೊಸ ಪುಡಿಗೆ ಒಂದು ಹಿಡಿ ಹೊಳೆಯ ನುಣುಪು ಮರಳನ್ನು ತಂದು ಬೆರೆಸಿದರು. ಕೊಟ್ಟಿಗೆಯಲ್ಲಿ ನಾನಿದ್ದದ್ದರಿಂದ ನನಗೆ ಗೊತ್ತಾಯಿತು. "ಸುಮ್ನಿರವ್ವ. ಈಗ ಕರಕ್ ಅಂತದೆ. ಅಕ್ಕಯ್ಯ ನೋಡಿದ್ರಿಂದ ಗೊತ್ತಾಯ್ತು, ಇಲ್ದಿದ್ರೆ ಮಾನ ಓಗಿರೋದು ಅಂತೀನಿ. ಮಿಷಿನ್ ನಂಬಂಗಿಲ್ಲ ಅಂತೀನಿ. ಆಗ ಉಳೀತಾಳೆ" ಎಂದು ಪಿಸುಗುಟ್ಟಿದರು. ಸುಮ್ಮನಿರುವುದು ನನಗೆ ಬಹಳ ಕಷ್ಟದ ಕೆಲಸ. ಆದರೂ ಇದ್ದೆ.

ಮಾವ ಹಜಾರಕ್ಕೆ ಮಣೆ ತಂದು ಹಾಕಿ, "ಓಗೋದೇ ಆದ್ರೆ ಇದೊಂದು ನೋಡ್ಬುಟ್ಟು ಓಗಕ್ಕಯ್ಯ, ಯಾಕೋ ಅನುಮಾನ" ಎಂದರು. ಅಕ್ಕಯ್ಯ ಸೀರೆ ಸರಿಮಾಡಿಕೊಂಡು ಕೂತರು. ಒಂದು ಚಿಟಿಕೆ. ಕಣ್ಣು ಮುಚ್ಚಿದರು. ಮೌನದಲ್ಲಿ ನಿಂತಿದ್ದ ನನಗೇ ಆ ಮರಳಿನ ಸದ್ದು ಕೇಳಿಸಿತು, ಪ್ರಮಾಣವಾಗಿಯೂ ಕೇಳಿಸಿತು. ಮಾವನ ಮುಖ ಅರಳತೊಡಗಿತ್ತು. ಅಕ್ಕಯ್ಯ ಕಣ್ಣು ಬಿಟ್ಟರು.

"ಏನೂ ಇಲ್ಲ. ಚೆನ್ನಾಗದೆ" ಎಂದರು. ಎದ್ದು ಬಾಯಿ ಮುಕ್ಕಳಿಸಿ ಬಂದು ಟ್ರಂಕಿಗೆ ಬೀಗ ಹಾಕಿದರು.

ಮಾವ ಅಷ್ಟೂ ಪುಡಿಯನ್ನು ತಿಪ್ಪೆಗೆ ಸುರಿದು ಬಂದು ಕೊಟ್ಟಿಗೆಯ ಮೂಲೆಯಲ್ಲಿ ಕೂತರು. "ಹಲ್ಲು ಸತ್ತೋಗವೆ ಕಣವ್ವ. ಅವ್ಳಿಗೆ ಮರಳೂ ಗೊತ್ತಾಗಾಕಿಲ್ಲ. ಇಷ್ಟು ವರ್ಷ ನನ್ನ ಬೂದಿ ಅರೆಸಿ ಅರೆಸಿ ನಾನೇ ಸಾಯ್ಸಿದೆ" ಎಂದು ಅತ್ತರು. ಗಂಡಸು, ಅದೂ ಮಾವ, ಸೊಸೆಯ ಮುಂದೆ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ನನಗೂ ತಡೆಯಲಾಗಲಿಲ್ಲ.

ಬಸ್ ಸ್ಟ್ಯಾಂಡಿಗೆ ಅಕ್ಕಯ್ಯನನ್ನು ಬಿಡಲು ಹೋದವಳು ನಾನು. ಬಸ್ಸು ಬರುವುದು ತಡವಾಯಿತು. "ಅಕ್ಕಯ್ಯ, ನಿಜ ಹೇಳಿ. ಗೊತ್ತಾಗಲಿಲ್ವಾ?" ಎಂದು ಕೇಳಿದೆ.

"ಯಾವ್ದು? ಮರಳಾ? ಹೊಳೆ ಸೋಪಾನದ ಕಟ್ಟೆ ತಾವಿಂದ್ ತಂದವ್ನೆ. ಅದ್ರಲ್ಲಿ ಕಾಗೆಬಂಗಾರ ಜಾಸ್ತಿ."

ನನಗೆ ಮೈಯೆಲ್ಲ ಉರಿಯಿತು. "ಮತ್ತೆ ಯಾಕೆ ಇಲ್ಲ ಅಂದ್ರಿ?"

"ಅದೆ ಅಂದಿದ್ರೆ, ನನ್ನ ಉಳಿಸ್ಕಳಕ್ಕೆ ಮುಂದಿನ್ ಸಲಾನೂ ಹಾಕ್ತಾನೆ. ಒಂದಿನ ಸೋಸೋದು ಮರೀತಾನೆ. ಯಾವಳದೋ ಹಲ್ಲು ಓಯ್ತದೆ. ನಾನ್ ಉಣ್ಣೋ ಅನ್ನಕ್ಕೆ ಊರ್ನೋರ್ ಹಲ್ಲು ಸವೀಬೇಕಾ?" ಎಂದು ಹೇಳಿ, ಬಸ್ಸು ಬಂದದ್ದರಿಂದ ಎದ್ದರು. ಹತ್ತುತ್ತಾ, "ಅವನಿಗೆ ಯೋಳ್ಬೇಡ" ಎಂದರು.

ನಾನು ಮನೆಗೆ ಬಂದವಳೇ ಹೇಳಿಬಿಟ್ಟೆ. ಮಾವ ಬಾಯಿ ತೆರೆದುಕೊಂಡು ಕೇಳಿದರು. "ಅಂಗಾದ್ರೆ ಹಲ್ಲು ಚೆನ್ನಾಗವೆ" ಎಂದು ಕಣ್ಣೊರೆಸಿಕೊಂಡರು.

ಅವತ್ತಿನಿಂದ ಪ್ರತಿ ಸಲ ಪುಡಿ ಕಲೆಸಿದಾಗಲೂ ಮಾವ ಒಂದು ಡಬ್ಬಿಯನ್ನು ಹಾಸನದ ಬಸ್ಸಿನ ಕಂಡಕ್ಟರನ ಕೈಗೆ ಕೊಡತೊಡಗಿದರು. ಮರಳಿಲ್ಲ, ಮೋಸವಿಲ್ಲ, ಶುದ್ಧ ಪುಡಿ. ಮೊಸಳೆಯ ಕೈಮರದ ಹತ್ತಿರ ಅಕ್ಕಯ್ಯ ಅದನ್ನು ಇಸಿದುಕೊಳ್ಳುವುದು, ಸಂಜೆಯ ಬಸ್ಸಿಗೆ ತೀರ್ಪು ಹೇಳಿ ಕಳಿಸುವುದು. ಕಂಡಕ್ಟರನಿಗೆ ಗಂಟಲು ದೊಡ್ಡದು. ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿ ಜೋತುಬಿದ್ದು, "ಸಾ, ಏನೂ ಇಲ್ವಂತೆ!" ಎಂದು ಕೂಗುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿದ್ದ ಹೊಸಬರು ಪಾಪ, ಯಾರದೋ ಆಸ್ಪತ್ರೆಯ ಸುದ್ದಿ ಎಂದು ಸಮಾಧಾನಪಡುತ್ತಿದ್ದರು. ಮಾವ ಮಾತ್ರ ತಲೆ ತಗ್ಗಿಸಿಕೊಂಡು ಮನೆಗೆ ಬರುತ್ತಿದ್ದರು. ಅಕ್ಕಯ್ಯ ತಮಗೋಸ್ಕರ ಸುಳ್ಳು ಹೇಳುವವರಲ್ಲ, ಪುಡಿಯಲ್ಲಿ ಏನೂ ಇರುತ್ತಿರಲಿಲ್ಲ. ಅವರು ವಾಪಸು ಬರುವುದಕ್ಕೆ ದಾರಿಯೇ ಇರಲಿಲ್ಲ.

ಈ ನಡುವೆ ನಾನೊಮ್ಮೆ ಮೊಸಳೆಗೆ ಹೋಗಿ ಬಂದೆ. ಮೈದುನನ ಮನೆಯವರು ಕೆಟ್ಟವರಲ್ಲ. ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದರು, ಕೆಲಸ ಮುಟ್ಟಗೊಡುತ್ತಿರಲಿಲ್ಲ. ಅಕ್ಕಯ್ಯ ಊರಿನ ಜೋಡಿ ಗುಡಿಗಳ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ನನ್ನನ್ನು ಕಂಡು ಬೈಯಲೂ ಇಲ್ಲ. "ಚೆನ್ನಾಗಿ ನೋಡ್ಕತಾರೆ ಕಣವ್ವ. ಒಂದ್ ಮಾತು ಕೇಳಾಕಿಲ್ಲ" ಎಂದರು. ಬರುವಾಗ ಬಸ್ಸಿನಲ್ಲಿ ಅಳುತ್ತಾ ಕೂತಿದ್ದೆ. ಪಕ್ಕದವಳು ಯಾರು ಹೋದರು ಎಂದು ಕೇಳಿದಳು, ಅವಳಿಗೂ ಬೈದೆ.

ಮುಂದಿನ ಮಳೆಗಾಲ ಶುರುವಾಗಿತ್ತು. ಒಂದು ಸಂಜೆ ನಾವು ಮೂವರೂ ಬಸ್ ಸ್ಟ್ಯಾಂಡಿನಲ್ಲೇ ಇದ್ದೆವು, ಹಾಸನಕ್ಕೆ ಕಳಿಸುವ ಪೆಟ್ಟಿಗೆಗಳನ್ನು ಇಟ್ಟುಕೊಂಡು. ಅಂಗಡಿಯವರು, ಗಿರಾಕಿಗಳು, ಅರ್ಧ ಊರು ಅಲ್ಲಿತ್ತು. ಬಸ್ಸು ತಿರುವಿನಲ್ಲಿ ಕಂಡಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದಿದ್ದ.

"ಸಾ! ಕರಕ್ ಅಂತಂತೆ! ಪುಡೀಲಿ ಮರಳು ಅದೆಯಂತೆ! ನಾಳೆ ಅವ್ರೇ ಬತ್ತಾರಂತೆ, ಮುಂದೆ ನಿಂತು ಜರಡಿ ಹಿಡಿಸ್ತಾರಂತೆ!"

ನನ್ನ ಗಂಡ ಕೆಂಪಾಗಿಬಿಟ್ಟರು. ಊರೆಲ್ಲ ಕೇಳುವ ಹಾಗೆ ನಮ್ಮ ಹಲ್ಲುಪುಡಿಯಲ್ಲಿ ಮರಳಿದೆ ಎಂದು ಕೂಗಿಸಿದ್ದಾರಲ್ಲ ಎಂದು. "ಸಾಧ್ಯವೇ ಇಲ್ಲ! ನಾನೇ ಕಲೆಸಿದ್ದು, ಅದರಲ್ಲಿ ಒಂದು ಹರಳೂ ಇಲ್ಲ" ಎಂದು ಶುರುಮಾಡಿದರು. "ಬಾಯಿ ಮುಚ್ಕೊಂಡಿರ್ರೀ" ಎಂದೆ. ಮಾವನಿಗೆ ಇದೊಂದೂ ಕೇಳಿಸಲಿಲ್ಲ. ಅಷ್ಟು ಜನರ ನಡುವೆ ನಿಂತು ಅವರು ಕಂಡಕ್ಟರನಿಗೆ, "ಇನ್ನೊಂದ್ಸಲ ಯೋಳಪ್ಪ" ಎಂದರು. ಅವನು ಮೊದಲಿಗಿಂತ ಜೋರಾಗಿ ಹೇಳಿದ.

ಅಕ್ಕಯ್ಯ ಮಾರನೆಯ ದಿನ ಬಂದರು. ಪುಡಿ ನೋಡಿಹೋಗಲು ಬಂದವರ ಕೈಯಲ್ಲಿ ಟ್ರಂಕು ಇತ್ತು. ನೇರವಾಗಿ ಕೊಟ್ಟಿಗೆಗೆ ನಡೆದು, "ಎಲ್ಲಿ, ತೆಗೀರಿ ಜರಡಿ" ಎಂದರು. ಆ ಪುಡಿಯನ್ನು ಜರಡಿ ಹಿಡಿಯುವುದೆಂದರೆ ಮೋಡವನ್ನು ಜರಡಿ ಹಿಡಿದ ಹಾಗೆ. ಮಾವ ಹಿಡಿದರು. ಕೊಟ್ಟಿಗೆ ಬೆಳ್ಳಗಾಯಿತು, ಹಿತ್ತಲು ಬೆಳ್ಳಗಾಯಿತು, ಮಾವನ ಹುಬ್ಬು ಮೀಸೆ ಬೆಳ್ಳಗಾಯಿತು. ಜರಡಿಯಲ್ಲಿ ಏನೂ ಉಳಿಯಲಿಲ್ಲ. ಬರಿಯ ಬಟ್ಟೆ ನಮ್ಮ ನಾಲ್ವರಿಗೂ ಕಾಣುತ್ತಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆ. ಮಾವ ನನ್ನ ಕಡೆ ನೋಡಿದರು, ಮುಚ್ಚಿದೆ.

ಅಕ್ಕಯ್ಯ ಮಣೆಯ ಮೇಲೆ ಕೂತು ಒಂದು ಚಿಟಿಕೆ ಹಲ್ಲಿನ ನಡುವೆ ಇಟ್ಟುಕೊಂಡರು. ಕಣ್ಣು ಮುಚ್ಚಿ ಅರೆದರು. ಸದ್ದೇ ಇರಲಿಲ್ಲ. ಕಣ್ಣು ಬಿಟ್ಟು ತಮ್ಮನನ್ನು ನೋಡಿದರು.

"ಇನ್ನೂ ಒಸಿ ಅದೆ ಕಣ್ಲಾ" ಎಂದರು.

"ಇರ್ಬೋದು ಅಕ್ಕಯ್ಯ" ಎಂದು ಮಾವ ಮತ್ತೆ ಜರಡಿ ಎತ್ತಿಕೊಂಡರು. ಅಕ್ಕಯ್ಯ ಬದುಕಿರುವವರೆಗೂ ನಮ್ಮ ಪುಡಿಯಲ್ಲಿ ಆ ಒಸಿ ಇದ್ದೇ ಇತ್ತು.